ಟೆರೇಸಿನಿಂದಲೇ ಕ್ಲಿಯೋಪಾತ್ರಾದ ಸುತ್ತು ಅಳೆದೆ: ನನ್ನ ಅನುಭವ

ಊರ ದೀಪಗಳ ನಡುವೆ ಕ್ಷುದ್ರಗ್ರಹದ ಲೈಟ್ ಕರ್ವ್ (ಹೊತ್ತು ಕಳೆದಂತೆ ಹೊಳಪು ಏರಿಳಿಯುವ ಗ್ರಾಫ್) ಆಗುವ ಮಾತಲ್ಲ, ಯಾವುದಾದರೂ ಗುಡ್ಡಕ್ಕೆ ಹೋಗಿ ಅಂದವರೇ ಜಾಸ್ತಿ. ಈಗ ಗ್ರಾಫ್ ಕೈಯಲ್ಲಿದೆ. 216 ಕ್ಲಿಯೋಪಾತ್ರಾ ಅನ್ನುವ ಕ್ಷುದ್ರಗ್ರಹ ತನ್ನ ಸುತ್ತ ತಾನೇ ಒಂದು ಸುತ್ತು ತಿರುಗಲು ನನ್ನ ಲೆಕ್ಕದಲ್ಲಿ 5 ಗಂಟೆ 23 ನಿಮಿಷ. ಪ್ರಕಟವಾದ ಅಂಕಿ 5.385 ಗಂಟೆ. ಎರಡೂ ಒಂದೇ, ಅಲ್ವಾ?

ಇದನ್ನೇ ಆರಿಸಿದ್ದು ಆಕಾರ ನೋಡಿ. 1880ರಲ್ಲಿ ಯೋಹಾನ್ ಪಾಲಿಸಾ ಕಂಡುಹಿಡಿದ ಈ ಕಲ್ಲು ಪೋರ್ಟೊ ರಿಕೊದಲ್ಲಿದ್ದ ಅರೆಸಿಬೋ ದೂರದರ್ಶಕದ ರಾಡಾರಿಗೆ ನಾಯಿ ಕಡಿಯುವ ಎಲುಬಿನ ಹಾಗೆ ಕಂಡಿತು. ಉದ್ದ ಸುಮಾರು 270 ಕಿ.ಮೀ. ಉದ್ದದ ಬದಿ ನಮ್ಮ ಕಡೆಗಿದ್ದಾಗ ಹೊಳಪು, ತುದಿ ತಿರುಗಿದಾಗ ಮಂಕು. ಅನುಕೂಲದ ವರ್ಷದಲ್ಲಿ ವ್ಯತ್ಯಾಸ ಒಂದು ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ; ಒಂದು ಅಂದರೆ ಸುಮಾರು ಎರಡೂವರೆ ಪಟ್ಟು) ದಾಟುತ್ತದೆ. ಬೀದಿದೀಪ ಎಷ್ಟೇ ಇದ್ದರೂ ಅದು ಮುಚ್ಚಿಹೋಗುವುದಿಲ್ಲ.

6 ಇಂಚಿನ ನ್ಯೂಟೋನಿಯನ್ (ಕನ್ನಡಿಯ ದೂರದರ್ಶಕ) ಮೊದಲೇ ಇತ್ತು. ಸೆಕೆಂಡ್ ಹ್ಯಾಂಡ್ ಮೋನೋ (ಕಪ್ಪು-ಬಿಳುಪು) ಕ್ಯಾಮೆರಾಗೆ ಮೂವತ್ತು ಸಾವಿರದ ಹತ್ತಿರ ಹೋಯಿತು. ಸೆನ್ಸರ್ ತಣ್ಣಗಿಡುವ ಕೂಲಿಂಗ್ ಸರಿಯಿದೆ ಅಂತ ಹೇಳಿ ಮಾರಿದರು. ಇರಲಿಲ್ಲ. ರಿಪೇರಿಗೆ ಮತ್ತೆ ಏಳೆಂಟು ಸಾವಿರ. ಇಬ್ಬನಿ ತಡೆಯುವ ಹೀಟರಿಗೆ ನಾಲ್ಕು ಸಾವಿರ ಕೇಳಿದರು. ರೆಸಿಸ್ಟರ್ ಬೆಸೆದು ನಾನೇ ಮಾಡಿಕೊಂಡೆ, ಮುನ್ನೂರು ರೂಪಾಯಿ ಆಗಿರಬಹುದು. ಇವತ್ತಿಗೂ ಚೆನ್ನಾಗಿದೆ.

ಮೊದಲ ಸೀಸನ್ ಪೂರ್ತಿ ಹಾಳಾಯಿತು. ಮೋಡ, ಕರೆಂಟ್ ಕಾಟ ಇದ್ದದ್ದೇ. ನಿಜವಾಗಿ ಸತಾಯಿಸಿದ್ದು ಬೇರೆ. ದಿನಾ ಮೂರು ಗಂಟೆ ಡೇಟಾ ಹಿಡಿಯುತ್ತಿದ್ದೆ. ಸಾಫ್ಟ್‌ವೇರ್ ಪದೇ ಪದೇ 2.69 ಗಂಟೆ, ಅಂದರೆ ಸರಿಯುತ್ತರದ ಅರ್ಧ ಅಂತಲೇ ತೋರಿಸುತ್ತಿತ್ತು. ಕೂತು ಲೆಕ್ಕ ಹಾಕಿದೆ. ಒಂದು ಸುತ್ತಿನಲ್ಲಿ ತುದಿ ಎರಡು ಸಲ ನಮ್ಮ ಕಡೆ ತಿರುಗುತ್ತದೆ, ಹಾಗಾಗಿ ಗ್ರಾಫಿನಲ್ಲಿ ಎರಡು ತಗ್ಗು. ಒಂಬತ್ತು ಅರ್ಧಸುತ್ತು ಸೇರಿದರೆ 24 ಗಂಟೆ 14 ನಿಮಿಷ. ಅಂದರೆ ನಿನ್ನೆ ನೋಡಿದ ತಗ್ಗಿನ ಜಾಗದಲ್ಲಿ ಇವತ್ತು ಅದರ ಜೋಡಿ ಬಂದು ಕೂತಿರುತ್ತದೆ, ಬರೀ ಕಾಲು ಗಂಟೆ ತಡವಾಗಿ! ದಿನಾ ಅದೇ ಹೊತ್ತಿಗೆ ಮೂರು ಗಂಟೆ ನೋಡುವವರಿಗೆ ಎರಡರ ವ್ಯತ್ಯಾಸ ಸಿಗುವುದೇ ಕಷ್ಟ.

ಆಪೊಸಿಷನ್ (ಆಕಾಶದಲ್ಲಿ ಅದು ಸೂರ್ಯನಿಗೆ ಎದುರು ಬದಿ ಬರುವ ಸಮಯ) ಹತ್ತಿರ ಸಂಜೆಯಿಂದ ಬೆಳಗಿನ ಜಾವದವರೆಗೆ ಕ್ಯಾಮೆರಾ ಓಡಿಸಿದೆ. ಎರಡೂ ತಗ್ಗು ಒಂದೇ ರಾತ್ರಿ ಸಿಕ್ಕವು. ಆಳ ಸ್ವಲ್ಪ ಬೇರೆ ಬೇರೆ ಇತ್ತು. ಅಷ್ಟು ಸಾಕಾಯಿತು, ಅರ್ಧದ ಗೊಂದಲ ಹೋಯಿತು. ವಾರಗಟ್ಟಲೆ ಡೇಟಾ ಸೇರಿಸುವಾಗ ಬೆಳಕು ಅಲ್ಲಿಂದ ನಮ್ಮನ್ನು ತಲುಪಲು ಹಿಡಿಯುವ ಸಮಯದ ತಿದ್ದುಪಡಿ ಹಾಕಲೇಬೇಕು. ಹೊಳಪು ಹೋಲಿಸಲು ಬಳಸುವ ನಕ್ಷತ್ರಗಳನ್ನು ಸೂರ್ಯನ ಬಣ್ಣಕ್ಕೆ ಹತ್ತಿರ ಇರುವಂತೆ ಆರಿಸಿ. ಬೀದಿದೀಪದಿಂದ ಫೋಟೋದ ಒಂದು ಬದಿ ಹೆಚ್ಚು ಬೆಳ್ಳಗಾಗುವುದನ್ನು (ಗ್ರೇಡಿಯೆಂಟ್) ತೆಗೆಯಲು ನನ್ನದೇ ಒಂದು ದಾರಿಯಿದೆ, ಅದನ್ನು ಸದ್ಯ ಹೇಳುವುದಿಲ್ಲ.

ಅದೇ ಫೋಟೋಗಳಿಂದ ಕಕ್ಷೆಯನ್ನೂ ತೆಗೆದು ನೋಡಿದೆ. ಎರಡು ತಿಂಗಳ ಸ್ಥಾನಗಳನ್ನು ಫೈಂಡ್ ಆರ್ಬ್ ಅನ್ನುವ ಕಕ್ಷೆ ಲೆಕ್ಕಹಾಕುವ ಸಾಫ್ಟ್‌ವೇರಿಗೆ ಕೊಟ್ಟೆ. ಸೂರ್ಯನಿಂದ ಸರಾಸರಿ 2.8 ಖಗೋಳಮಾನ (ಒಂದು ಅಂದರೆ ಭೂಮಿ-ಸೂರ್ಯರ ಸರಾಸರಿ ದೂರ), ಭೂಮಿಯ ಕಕ್ಷೆಗೆ ಹೋಲಿಸಿದರೆ ಓರೆ 13 ಡಿಗ್ರಿ, ಒಂದು ಪ್ರದಕ್ಷಿಣೆಗೆ 4.7 ವರ್ಷದಷ್ಟು. ಇಷ್ಟು ಸರಿಯಾಗಿ ಬಂತು. ಕಕ್ಷೆ ಎಷ್ಟು ಉದ್ದುದ್ದ ಅನ್ನುವುದು ಮಾತ್ರ ಅಲುಗಾಡುತ್ತಲೇ ಇತ್ತು. ಅದರ ಅಳತೆ (0 ಅಂದರೆ ಪೂರ್ತಿ ವೃತ್ತ) 0.25 ಆಗಬೇಕು. ಅದು ನಿಲ್ಲಲು ಇನ್ನೂ ಉದ್ದದ ಡೇಟಾ ಬೇಕು.

2008ರಲ್ಲಿ ಸಿಕ್ಕ ಅದರ ಎರಡು ಉಪಗ್ರಹಗಳು 6 ಇಂಚಿಗೆ ದಕ್ಕುವಂಥವಲ್ಲ. ಆದರೆ ಕ್ಲಿಯೋಪಾತ್ರಾ ತಿರುಗುವ ಅಕ್ಷದ ದಿಕ್ಕು ದಕ್ಕುತ್ತದೆ. ಪ್ರತಿ ಆಪೊಸಿಷನ್‌ನಲ್ಲಿ ನಾವು ಅದನ್ನು ನೋಡುವ ಕೋನ ಬೇರೆ, ತಗ್ಗಿನ ಆಳವೂ ಬೇರೆ. ಇನ್ನೆರಡು ಸೀಸನ್ ಡೇಟಾ ಸೇರಿಸಿ ಅದನ್ನೂ ತೆಗೆಯುತ್ತೇನೆ.