ಬೆಂಗಳೂರಲ್ಲಿ ಹಾಡುತ್ತಿದ್ದ ಕಾರಿನ ರೇಡಿಯೋ ತುಮಕೂರಲ್ಲಿ ಗೊರಗುಟ್ಟಿದ್ದು

ಕಾರು ಸೆಕೆಂಡ್ ಹ್ಯಾಂಡ್. ಬೆಂಗಳೂರಿನ ಜಾಲಹಳ್ಳಿ ಕಡೆಯವರೊಬ್ಬರಿಂದ ತಗೊಂಡಿದ್ದು. ಓಡಿಸಿ ನೋಡಿದ ದಿನ ರೇಡಿಯೋನೂ ಹಾಕಿ ನೋಡಿದ್ದೆ. 102.9ರಲ್ಲಿ ವಿವಿಧ ಭಾರತಿ ಚೆನ್ನಾಗಿಯೇ ಬರುತ್ತಿತ್ತು. ದುಡ್ಡು ಕೊಟ್ಟು ಊರಿಗೆ ಹೊರಟೆ. ದಾಬಸ್‌ಪೇಟೆ ದಾಟುತ್ತಿದ್ದ ಹಾಗೆ ಸರ್ ಅಂತ ಶುರುವಾಯಿತು. ತುಮಕೂರು ಮುಟ್ಟುವ ಹೊತ್ತಿಗೆ ಹಾಡು ಎಲ್ಲಿದೆ ಅಂತ ಹುಡುಕಬೇಕಿತ್ತು.

"ಏನ್ಲಾ ಇದು, ಹಪ್ಪಳ ಕರಿದಂಗೆ ಸದ್ದು ಬತ್ತದೆ?" ಅಂದರು ಅಪ್ಪ. ಅವರ ಹಳೇ ಟ್ರಾನ್ಸಿಸ್ಟರ್ ಅಡುಗೆಮನೆ ಕಿಟಕಿಯಲ್ಲಿ ಕೂತು ಅದೇ ಸ್ಟೇಷನ್ನನ್ನು ಆರಾಮಾಗಿ ಹಿಡಿಯುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಅದೊಂದು ಪುಣ್ಯ.

ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಎಲ್ಲಿ ವೈರು ಕಟ್ಟಾಗಿದೆ ಅಂತ ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೂ ಸ್ವಂತ ಕಾರಿನ ವಿಷಯದಲ್ಲಿ ಅಂಗಡಿಯವನ ಮಾತು ನಂಬಿದೆ. "ಶಾರ್ಕ್ ಫಿನ್ ಹಾಕ್ಸಿ ಸಾರ್, ಸೂಪರ್ ಆಗಿ ಬರುತ್ತೆ" ಅಂದ. ಕಾರಿನ ಚಾವಣಿ ಮೇಲೆ ಮೀನಿನ ರೆಕ್ಕೆ ಥರ ಕೂರುವ ಆಂಟೆನಾ ಅದು. 650 ರೂಪಾಯಿ ಕೊಟ್ಟು ಹಾಕಿಸಿದೆ. ಅಲ್ಪಸ್ವಲ್ಪ ಬರುತ್ತಿದ್ದದ್ದೂ ಹೋಯಿತು. ಇನ್ನೊಬ್ಬ ಸೆಟ್ಟನ್ನೇ ಬದಲಾಯಿಸಿ ಅಂದ. ಆಗ ಮಾತ್ರ ನನಗೆ ಬುದ್ಧಿ ಬಂತು. ಕಾರ್ಖಾನೆಯಲ್ಲಿ ಯಾರಾದರೂ ಚೆಕ್ ಮಾಡದೆ ಮೋಟರ್ ಬದಲಾಯಿಸಿ ಅಂದರೆ ನಾನೇ ಬೈಯುತ್ತೇನೆ, ಅಲ್ವಾ?

ಒಂದು ಭಾನುವಾರ ಬೆಳಿಗ್ಗೆ ಕಾರನ್ನು ಅಮಾನಿಕೆರೆ ಏರಿ ಕಡೆ ತೆಗೆದುಕೊಂಡು ಹೋದೆ. ಸುತ್ತ ದೊಡ್ಡ ಕಟ್ಟಡ ಇಲ್ಲದ ಜಾಗ ಬೇಕಿತ್ತು. ನನ್ನ ಹಳೇ ಮೊಬೈಲಿನಲ್ಲಿ ಎಫ್‌ಎಂ ಇದೆ, ಇಯರ್‌ಫೋನಿನ ವೈರೇ ಅದಕ್ಕೆ ಆಂಟೆನಾ. ಕಾರಿನ ಪಕ್ಕದಲ್ಲೇ ನಿಂತು ಹಾಕಿದೆ. ಬೆಂಗಳೂರು ಆಕಾಶವಾಣಿಯ 101.3ರ ರೇನ್‌ಬೋನೂ ಬಂತು, 102.9ನೂ ಬಂತು. ಸ್ವಲ್ಪ ಸದ್ದಿತ್ತು, ಆದರೆ ಕೇಳಬಹುದಿತ್ತು. ಅಂದರೆ ಗಾಳಿಯಲ್ಲಿ ಸಿಗ್ನಲ್ ಇದೆ, ತಾಪತ್ರಯ ಕಾರಿನೊಳಗೇ ಇದೆ.

ಆಮೇಲೆ ನಮ್ಮೂರಿನ ಸಮುದಾಯ ಬಾನುಲಿ ಕೇಂದ್ರ ರೇಡಿಯೋ ಸಿದ್ಧಾರ್ಥ, 90.8. ಇಷ್ಟು ಹತ್ತಿರದ ಸ್ಟೇಷನ್ನು ಕಾರಿನ ಸೆಟ್ಟಿನಲ್ಲಿ ಬರಲೇಬೇಕು. ಆದರೆ 90.8ಕ್ಕೆ ಹೋಗಲಿಕ್ಕೇ ಆಗುತ್ತಿಲ್ಲ! ಬಟನ್ ಒತ್ತಿದರೆ 90.7, ಮತ್ತೆ ಒತ್ತಿದರೆ 90.9. ಸೆಟ್ಟಿಂಗ್ ಒಳಗೆ ಹೋಗಿ ನೋಡಿದರೆ ರೇಡಿಯೋ ಏರಿಯಾ ಅಮೆರಿಕ ಅಂತ ಇತ್ತು. ಅಲ್ಲಿನ ಎಫ್‌ಎಂ ಸ್ಟೇಷನ್ನುಗಳು 0.2 ಮೆಗಾಹರ್ಟ್ಸ್ ಅಂತರದಲ್ಲಿರುತ್ತವೆ, ಎಲ್ಲವೂ ಬೆಸ ಅಂಕಿಯಲ್ಲೇ ಮುಗಿಯುತ್ತವೆ. ತಮಾಷೆ ನೋಡಿ, ಬೆಂಗಳೂರಿನ 91.1, 92.7, 93.5, 98.3, 101.3, 102.9 ಎಲ್ಲವೂ ಬೆಸ. ಹಾಗಾಗಿ ಹಿಂದಿನ ಮಾಲೀಕರಿಗೆ ಇದು ಗೊತ್ತಾಗದೇ ಹೋಗಿರಬೇಕು. ನಮ್ಮ 90.8 ಅಥವಾ ಹಿರಿಯೂರಿನ ಕಡೆ ಹೋದಾಗ ಬೇಕಾಗುವ ಚಿತ್ರದುರ್ಗದ 102.6ರಂಥವು ಸಿಗುತ್ತಿರಲಿಲ್ಲ. ಏರಿಯಾ ಬದಲಾಯಿಸಿ 0.1 ಹೆಜ್ಜೆ ಮಾಡಿದೆ. ಪಕ್ಕದಲ್ಲೇ ಲೋಕಲ್ ಅನ್ನುವ ಬಟನ್ ಆನ್ ಆಗಿತ್ತು. ಅದು ಆನ್ ಇದ್ದರೆ ಸ್ಟೇಷನ್ ಹುಡುಕುವಾಗ ಸೆಟ್ಟು ದೂರದವನ್ನು ಬಿಟ್ಟು ಮುಂದೆ ಹೋಗುತ್ತದೆ. ಅದನ್ನೂ ಆಫ್ ಮಾಡಿದೆ. ಈಗ 90.8 ಗಟ್ಟಿಯಾಗಿ ಬಂತು. ಬೆಂಗಳೂರಿನವು ಮಾತ್ರ ಗೊರಗೊರ ಅನ್ನುತ್ತಲೇ ಇದ್ದವು.

ಹತ್ತಿರದ್ದು ಬರುತ್ತಿದೆ, ದೂರದ್ದು ಬರುತ್ತಿಲ್ಲ. ಹಾಗಾದರೆ ಸೆಟ್ಟು ಕೆಟ್ಟಿಲ್ಲ. ಒಂದೋ ಸಿಗ್ನಲ್ ದಾರಿಯಲ್ಲಿ ಸೋರಿಹೋಗುತ್ತಿದೆ, ಇಲ್ಲವೇ ಕಾರಿನೊಳಗಿನ ಏನೋ ಒಂದು ಅದರ ಮೇಲೆ ಗದ್ದಲ ಹಾಕುತ್ತಿದೆ. ನನ್ನ ಕಾರಿನಲ್ಲಿ ಎರಡೂ ಇತ್ತು.

ಗದ್ದಲ ಹಿಡಿಯುವುದು ಸುಲಭ. ಎಂಜಿನ್ ಆಫ್ ಮಾಡಿ, ಕೀ ಒಂದೇ ತಿರುವಿಗೆ ಇಟ್ಟು ರೇಡಿಯೋ ಹಾಕಿ. ಎಂಜಿನ್ ಓಡುವಾಗ ಕುಯ್ ಅನ್ನುವ ಸದ್ದಿದ್ದು, ಆಕ್ಸಿಲರೇಟರ್ ಒತ್ತಿದ ಹಾಗೆ ಅದೂ ಏರುತ್ತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕು. ನನ್ನದರಲ್ಲಿ ಎಂಜಿನ್ ಇದ್ದರೂ ಇಲ್ಲದಿದ್ದರೂ ಒಂದೇ ಸದ್ದು. ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲಿದ್ದ ಡ್ಯಾಶ್‌ಕ್ಯಾಮ್ ಚಾರ್ಜರ್ ಕಿತ್ತೆ. ತಟ್ಟನೆ ಅರ್ಧ ಗೊರಗೊರ ನಿಂತಿತು. ಮತ್ತೆ ಹಾಕಿದೆ, ಬಂತು. ಕಿತ್ತೆ, ಹೋಯಿತು. ಮೂರು ಸಲ ಮಾಡಿ ನೋಡಿದೆ, ಸುಮ್ನೆ ಖುಷಿಗೆ.

ಇದರಲ್ಲಿ ಗುಟ್ಟೇನಿಲ್ಲ. ಆ ಚಾರ್ಜರ್ 12 ವೋಲ್ಟನ್ನು 5 ವೋಲ್ಟಿಗೆ ಇಳಿಸಲು ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಮಾಡುತ್ತಿರುತ್ತದೆ. ಒಳಗೆ ಫಿಲ್ಟರ್ ಸರಿಯಾಗಿಲ್ಲದಿದ್ದರೆ ಅದರ ಕೊಳೆಯೆಲ್ಲ ಎಫ್‌ಎಂವರೆಗೂ ಹರಡುತ್ತದೆ. ಸಾಲದ್ದಕ್ಕೆ ಕ್ಯಾಮರಾ ಹಾಕಿದವರು ಅದರ ವೈರನ್ನು ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಆಂಟೆನಾ ಕೇಬಲ್ಲಿಗೇ ಟ್ಯಾಗ್ ಹಾಕಿ ಬಿಗಿದಿದ್ದರು. 450 ರೂಪಾಯಿಯ ಬೇರೆ ಚಾರ್ಜರ್ ತಂದೆ. ವೈರನ್ನು ಇನ್ನೊಂದು ಕಡೆಯ ಕಂಬಕ್ಕೆ ಸಾಗಿಸಿದೆ. ಗದ್ದಲ ತಡೆಯುವ ಎರಡು ಫೆರೈಟ್ ಕ್ಲಿಪ್ ಕಚ್ಚಿಸಿದೆ, ಕಂಪ್ಯೂಟರ್ ಕೇಬಲ್ ತುದಿಯಲ್ಲಿ ಕಪ್ಪಗೆ ಉಬ್ಬಿಕೊಂಡಿರುತ್ತದಲ್ಲ, ಅದೇ. ನನ್ನ ಕಾರಿನ ಕಂಬದಲ್ಲಿ ಏರ್‌ಬ್ಯಾಗ್ ಇಲ್ಲ. ನಿಮ್ಮದರಲ್ಲಿದ್ದರೆ ಅದರ ಮುಂದೆ ವೈರು ಹಾಯಿಸಬೇಡಿ. ಗೊತ್ತಿಲ್ಲದಿದ್ದರೆ ಆ ಪ್ಲಾಸ್ಟಿಕ್ಕನ್ನು ಬಿಚ್ಚಲೇಬೇಡಿ.

ಇನ್ನು ಸಿಗ್ನಲ್ ಸೋರಿಕೆ. ಮೊದಲು ಶಾರ್ಕ್ ಫಿನ್ ತಿರುಗಿಸಿ ತೆಗೆದೆ. ಒಳಗೆ ಒಂದು ಗೇಣೂ ಇಲ್ಲದ ಸಣ್ಣ ವೈರು, ಅಷ್ಟೇ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಆಂಟೆನಾ ಕಡ್ಡಿ ಅದಕ್ಕಿಂತ ಗಿಡ್ಡ ಆದಷ್ಟೂ ಸಿಗ್ನಲ್ ಕಮ್ಮಿ ಹಿಡಿಯುತ್ತದೆ. ಕಂಪನಿಯಿಂದ ಬಂದ ಗಿಡ್ಡ ಕಡ್ಡಿಗಳಲ್ಲಿ ಸುರುಳಿ ಸುತ್ತಿ, ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್ ಇಟ್ಟು ಅದನ್ನು ಸರಿದೂಗಿಸುತ್ತಾರೆ. ಅಂಗಡಿಯ ಶಾರ್ಕ್ ಫಿನ್ನಿಗೆ ಇದ್ದದ್ದು ಆಕಾರ ಮಾತ್ರ. ಪುಣ್ಯಕ್ಕೆ ಹಳೇ ಕಡ್ಡಿಯನ್ನು ಡಿಕ್ಕಿಯಲ್ಲಿ ಎಸೆದಿದ್ದೆ.

ಬುಡದ ನಟ್ಟು ನೋಡಿದರೆ ಮಳೆನೀರು ಇಳಿದು ಹಸಿರು ಕಿಲುಬು ಕಟ್ಟಿತ್ತು. ಇಲ್ಲಿ ಒಂದು ಮಾತು ತಿಳಿದಿರಬೇಕು. ಕಾರಿನ ತಗಡಿನ ಚಾವಣಿಯೇ ಆಂಟೆನಾದ ಇನ್ನರ್ಧ. ಬುಡಕ್ಕೂ ತಗಡಿಗೂ ಅರ್ತ್ ಸರಿ ಕೂರದಿದ್ದರೆ ಎಂಥಾ ಕಡ್ಡಿ ಹಾಕಿದರೂ ದಂಡ. ಮಲ್ಟಿಮೀಟರಿನಲ್ಲಿ ಆಂಟೆನಾ ಪಿನ್ನಿನ ಹೊರಗಿನ ಬಳೆಗೂ ಬಾಡಿಗೂ ಇಟ್ಟರೆ 40 ಓಮ್ ತೋರಿಸಿತು, ಜೋಡಣೆ ಸರಿ ಇದ್ದರೆ ಅದು ಸೊನ್ನೆಯ ಹತ್ತಿರ ಇರಬೇಕು. ಮರಳು ಕಾಗದದಲ್ಲಿ ಉಜ್ಜಿ, ವಾಷರ್ ಬದಲಾಯಿಸಿ, ರಬ್ಬರ್ ಹೊಸದು ಹಾಕಿ ಬಿಗಿದ ಮೇಲೆ ಒಂದು ಓಮಿಗಿಂತ ಕೆಳಗೆ ಬಂತು.

ನಿಜವಾದ ಕಳ್ಳ ಸಿಕ್ಕಿದ್ದು ಸೆಟ್ಟಿನ ಹಿಂದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಸುತ್ತಲಿನ ಪ್ಲಾಸ್ಟಿಕ್ ಮೆಲ್ಲಗೆ ಎಬ್ಬಿಸಿ ಸೆಟ್ಟನ್ನು ಎಳೆದೆ. ವೈರುಗಳ ಗುಡ್ಡೆ. ಅದರೊಳಗೆ ತುದಿಗೆ ಟೇಪು ಸುತ್ತಿ ಸುಮ್ಮನೆ ಬಿಟ್ಟಿದ್ದ ಒಂದು ನೀಲಿ ವೈರು. ಬುಡದ ಆಂಪ್ಲಿಫೈಯರಿಗೆ 12 ವೋಲ್ಟ್ ಕೊಡಬೇಕಾದದ್ದು ಅದೇ. ಕಂಪನಿ ಸೆಟ್ಟು ತೆಗೆದು ಆಂಡ್ರಾಯ್ಡ್ ಸೆಟ್ಟು ಕೂರಿಸಿದವರು ಅದನ್ನು ಆಂಟೆನಾದಿಂದ ಬಂದ ಸಣ್ಣ ವೈರಿಗೆ ಸೇರಿಸಿಯೇ ಇರಲಿಲ್ಲ. ಕರೆಂಟಿಲ್ಲದ ಆಂಪ್ಲಿಫೈಯರ್ ಸಿಗ್ನಲ್ಲನ್ನು ಹೆಚ್ಚಿಸುವುದಿರಲಿ, ಬಂದದ್ದಕ್ಕೂ ಅಡ್ಡ ನಿಲ್ಲುತ್ತದೆ. ಬೆಂಗಳೂರಿನೊಳಗೆ ಸಿಗ್ನಲ್ ಎಷ್ಟು ಜೋರಾಗಿರುತ್ತದೆ ಅಂದರೆ ಆ ಅಡ್ಡವನ್ನೂ ದಾಟಿ ಒಳಗೆ ಬರುತ್ತಿತ್ತು. ಸುಮಾರು 70 ಕಿಲೋಮೀಟರ್ ದೂರ ಬಂದ ಮೇಲೆ ಬಣ್ಣ ಬಯಲಾಯಿತು.

ಬ್ಯಾಟರಿ ಮತ್ತೆ ಕೊಟ್ಟು, ರೇಡಿಯೋ ಆನ್ ಮಾಡಿ ನೀಲಿ ವೈರಿನಲ್ಲಿ ಮೀಟರ್ ಇಟ್ಟೆ. 12.3 ವೋಲ್ಟ್. ರೇಡಿಯೋ ಆಫ್ ಮಾಡಿದರೆ ಸೊನ್ನೆ. ಸರಿಯಾದ ವೈರೇ. ಮತ್ತೆ ಬ್ಯಾಟರಿ ಬಿಚ್ಚಿ ಎರಡನ್ನೂ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬು ಏರಿಸಿದೆ. ಆಂಟೆನಾ ಪಿನ್ನು ಕೂಡ ಮುಕ್ಕಾಲು ಭಾಗ ಮಾತ್ರ ಒಳಗೆ ಹೋಗಿತ್ತು. ಟಕ್ ಅನ್ನುವವರೆಗೆ ಒತ್ತಿದೆ.

ಎಲ್ಲ ಮುಚ್ಚುವ ಮೊದಲು ಆನ್ ಮಾಡಿದೆ. 102.9ರಲ್ಲಿ ಜಾಹೀರಾತು ಬರುತ್ತಿತ್ತು. ಅಷ್ಟು ಗಮನ ಕೊಟ್ಟು ನಾನು ಯಾವ ಜಾಹೀರಾತನ್ನೂ ಕೇಳಿಲ್ಲ.

ಈಗ ದಿನಾ ಕೆಲಸಕ್ಕೆ ಹೋಗುವಾಗ ಊರುಕೆರೆ, ಕೋರದವರೆಗೂ ಚೆನ್ನಾಗಿ ಬರುತ್ತದೆ. ಸೀಬಿ ದಾಟಿದರೆ ಮತ್ತೆ ಕೊಸರಾಡುತ್ತದೆ. ಅದಕ್ಕೆ ನನ್ನ ಕಾರು ಕಾರಣವಲ್ಲ. ಎಫ್‌ಎಂ ಹೆಚ್ಚುಕಮ್ಮಿ ನೇರ ದಾರಿಯಲ್ಲಿ ಬರುವಂಥದ್ದು. ನಡುವೆ ದೇವರಾಯನದುರ್ಗದಂಥ ಗುಡ್ಡಸಾಲು ಬಂದರೆ ನಾನೇನು ಮಾಡಲಿ? ಅಂಥ ಕಡೆ ಸೆಟ್ಟನ್ನು ಸ್ಟೀರಿಯೋದಿಂದ ಮೋನೋಗೆ ಹಾಕುತ್ತೇನೆ, ಸರ್ ಅನ್ನುವುದು ಒಂದಿಷ್ಟು ತಗ್ಗುತ್ತದೆ.

ಇನ್ನೊಂದು ಬಾಕಿ ಇದೆ. ಹಿಂದಿನವರು ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್ ಆನ್ ಮಾಡಿದರೆ ದೂರದ ಸ್ಟೇಷನ್ನುಗಳಲ್ಲಿ ತೆಳ್ಳಗೆ ಜುಯ್ ಅನ್ನುತ್ತದೆ. ಹಳೇ ಹ್ಯಾಲೊಜೆನ್ ಬಲ್ಬು ತಂದಿಟ್ಟಿದ್ದೇನೆ. "ಇನ್ನೊಂದು ಭಾನುವಾರನೂ ಕಾರಿನೊಳಗೇ ಕೂರ್ತೀರಾ?" ಅಂತ ಮನೆಯವಳು ಕೇಳಿದ್ದಾಳೆ. ಮುಂದಿನ ತಿಂಗಳು ನೋಡೋಣ.