ಸಾಂಕ್ರಾಮಿಕದ ದಿನಗಳಲ್ಲಿ ಊರಿನ ಭಜನಾ ಮಂದಿರವನ್ನು ನಡೆಸುವ ಬಗೆ

ಕಾಸರಗೋಡಿನ ಹಳ್ಳಿಗಳಲ್ಲಿ ಭಜನಾ ಮಂದಿರವು ನೆರೆಹೊರೆಯವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಜಾಗವೂ ಆಗಿರುವುದರಿಂದ, ರೋಗದ ಕಾಲದಲ್ಲಿ ಅದಕ್ಕೆ ಬೀಗ ಹಾಕಿ ಸುಮ್ಮನಾಗುವುದು ಸರಿಯಲ್ಲ. ಸರಕಾರದ ನಿರ್ಬಂಧವಿದ್ದಾಗ ಕೂಟವನ್ನು ನಿಲ್ಲಿಸಲೇಬೇಕು. ಆದರೆ ಮಂದಿರದ ಕೆಲಸ ನಿಲ್ಲಬಾರದು.

ಮೊದಲು ಒಂಟಿಯಾಗಿರುವ ಹಿರಿಯರ ಮತ್ತು ನಿತ್ಯ ಔಷಧ ಸೇವಿಸುವವರ ಪಟ್ಟಿಯನ್ನು ಮಾಡಿ, ಅವರಿಗೆ ಫೋನ್ ಮಾಡುವ ಹೊಣೆಯನ್ನು ಯುವಕ ಯುವತಿಯರಿಗೆ ಹಂಚಿರಿ. 2020ರ ಮಾರ್ಚಿನಲ್ಲಿ ಕೇರಳ–ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಪಟ್ಟ ಪಾಡನ್ನು ನೆನೆದರೆ, ಗಡಿಯ ಈಚೆಗೇ ಸಿಗುವ ವೈದ್ಯರ ಹಾಗೂ ಔಷಧದಂಗಡಿಗಳ ವಿವರವನ್ನು ಮುಂಚಿತವಾಗಿ ಬರೆದಿಡುವುದು ಎಷ್ಟು ಮುಖ್ಯವೆಂದು ತಿಳಿಯುತ್ತದೆ. ಮಲಯಾಳದಲ್ಲಿ ಬರುವ ಆರೋಗ್ಯ ಸೂಚನೆಗಳನ್ನು ಅದೇ ದಿನ ಕನ್ನಡಕ್ಕೆ ತಿರುಗಿಸಿ ಫಲಕದಲ್ಲಿ ಅಂಟಿಸಿರಿ. ಓದಲಾರದ ಅಜ್ಜಿಯಂದಿರಿಗೆ ತುಳುವಿನಲ್ಲೋ ಹವ್ಯಕ ಭಾಷೆಯಲ್ಲೋ ಹೇಳಿರಿ.

ಸೇರಲು ಅನುಮತಿ ದೊರೆತ ಮೇಲೆ ಅಂಗಳವನ್ನೇ ಆರಿಸಿರಿ, ಏಕೆಂದರೆ ಕೋವಿಡ್‌ನಂತಹ ರೋಗವು ಮುಚ್ಚಿದ ಕೋಣೆಯ ಗಾಳಿಯಲ್ಲಿ ಸುಲಭವಾಗಿ ಹರಡುತ್ತದೆ. ಗಟ್ಟಿಯಾಗಿ ಹಾಡಿದಾಗ ಬಾಯಿಂದ ಹೊರಡುವ ಸೂಕ್ಷ್ಮ ಕಣಗಳೂ ಹೆಚ್ಚುತ್ತವೆ. ಆದ್ದರಿಂದ ನಾಲ್ಕೈದು ಮಂದಿ ಮಾತ್ರ ಮಾಸ್ಕ್ ಧರಿಸಿ, ದೂರ ದೂರ ಕುಳಿತು, ಭಜನೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಲಿ. ಮಳೆಗಾಲದಲ್ಲಿ ಒಳಗೆ ಕೂರುವುದು ಅನಿವಾರ್ಯವಾದರೆ ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ. ಪ್ರಸಾದವನ್ನು ಪೊಟ್ಟಣದಲ್ಲಿ ಕೊಡಿ. ಜ್ವರ, ಕೆಮ್ಮು ಇದ್ದವರು ಬಾರದಂತೆ ಮುಂಚೆಯೇ ತಿಳಿಸಿ, ಅವರ ಮನೆಯ ಜಗಲಿಗೆ ದಿನಸಿಯನ್ನು ತಲುಪಿಸಿರಿ.