208 ಬೇರೆ, 208-24 ಬೇರೆ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಬೇರಿಂಗ್ ಅಂಗಡಿ. ಬೇರಿಂಗ್ ಅಂದರೆ ಯಂತ್ರದ ಶಾಫ್ಟ್ (ತಿರುಗುವ ದಂಡ) ಸಲೀಸಾಗಿ ತಿರುಗಲೆಂದು ಅದಕ್ಕೆ ಹಾಕುವ ಬಳೆಯಂಥ ಭಾಗ. ಯಂತ್ರದ ಪಟ್ಟಾ (ಬೆಲ್ಟ್), ಆಯಿಲ್ ಸೀಲ್ ಕೂಡ ಇಡುತ್ತೇನೆ. ಗಿರಾಕಿಗಳು ಹೆಚ್ಚಾಗಿ ದಾಲ್ ಮಿಲ್ಲಿನವರು. ಹೊಸ ತೊಗರಿ ಬರುವ ಜನವರಿ ಹೊತ್ತಿಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ.

ಮೊದಲ ಎರಡು ವರ್ಷ ಕ್ಯಾಟಲಾಗ್‌ಗಳು ಕಪಾಟಿನ ಮೇಲೆ ಸುಮ್ನೆ ಧೂಳು ಹಿಡಿದು ಕೂತಿದ್ದವು. ನನಗೆ ರೇಟ್ ಲಿಸ್ಟ್ ಸಾಕಿತ್ತು. ಹಳೆಯದು ತಂದು ತೋರಿಸಿದರೆ ಅಂಥದ್ದೇ ಕೊಡುವುದು, ಅದರಲ್ಲಿ ಓದೋದೇನಿದೆ ಅನ್ನೋ ಜಂಬ.

ಒಂದು ಸೀಸನ್ನಿನಲ್ಲಿ ಮಿಸ್ತ್ರಿಯೊಬ್ಬರು ಕಾಳು ಮೇಲೆತ್ತುವ ಎಲಿವೇಟರಿನ ಬ್ಲಾಕ್ ಬೇರಿಂಗ್, ಅಂದರೆ ಕಬ್ಬಿಣದ ಗೂಡಿನೊಳಗೆ ಕೂರುವ ಬೇರಿಂಗ್, ಕೇಳಿಕೊಂಡು ಬಂದರು. ಹಳೆಯದರ ಒಳಗಿನ ಬೇರಿಂಗ್ ಒಡೆದು ಚೂರಾಗಿತ್ತು. ಬ್ಲಾಕಿನ ಮೇಲೆ 208 ಅಂತಿತ್ತು. ಯುಸಿಪಿ 208 ಅನ್ನೋ ನಂಬರಿನ ಬ್ಲಾಕ್ ಬೇರಿಂಗ್ ಕಟ್ಟಿ ಕೊಟ್ಟೆ. ಸಂಜೆ ಅವರೇ ವಾಪಸ್ ಬಂದರು. "ಸಾವ್ಕಾರ್ರೇ, ಶಾಫ್ಟಿನ ಮ್ಯಾಲ ಅಲ್ಲಾಡ್ಲಕತ್ತದ್ರಿ. ನೋಡಿ ಕೊಟ್ಟೀರೇನ್ರಿ?"

ಆಗ ಕ್ಯಾಟಲಾಗ್ ಕೆಳಗಿಳಿಸಿದೆ. 208ರ ಹತ್ತಿರವೇ 208-24 ಅಂತ ಇನ್ನೊಂದು ಸಾಲು. ಬರೀ 208 ಅಂದರೆ ಶಾಫ್ಟ್ ತೂರುವ ಒಳತೂತು 40 ಮಿ.ಮೀ. ಡ್ಯಾಶ್ ಆದಮೇಲಿನ 24 ಇಂಚಿನ ಲೆಕ್ಕ, ಅದೂ ಹದಿನಾರರ ಪಾಲಿನಲ್ಲಿ. 24 ಪಾಲು ಅಂದರೆ ಒಂದೂವರೆ ಇಂಚು, 38.1 ಮಿ.ಮೀ. ಆ ಮಿಲ್ಲಿನದು ಹಳೇ ಕಾಲದ ಇಂಚಿನ ಶಾಫ್ಟ್. ಹೊರಗಿನ ಬ್ಲಾಕ್ ಎರಡಕ್ಕೂ ಒಂದೇ. ಕಣ್ಣಿಗೆ ಹೇಗೆ ಗೊತ್ತಾಗಬೇಕು? ತಪ್ಪು ನನ್ನದೇ, ಬದಲಿಸಿ ಕೊಟ್ಟೆ. ಮಿಲ್ಲು ನಿಂತ ಅರ್ಧ ದಿನಕ್ಕೆ ಬೈಗುಳ ಬೇರೆ.

ಅವತ್ತಿನಿಂದ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕ್ಯಾಟಲಾಗ್ ಓದತೊಡಗಿದೆ. ಸಾದಾ ಬಾಲ್ ಬೇರಿಂಗಿನಲ್ಲಿ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳತೂತು ಸಿಗುತ್ತದೆ. 6205ಕ್ಕೆ 25 ಮಿ.ಮೀ. ಈ ಲೆಕ್ಕ 04ರಿಂದ ಶುರು. 00, 01, 02, 03ಕ್ಕೆ 10, 12, 15, 17 ಅಂತ ಬಾಯಿಪಾಠವೇ ಗತಿ. 6305ರ ಒಳತೂತೂ 25. ಆದರೆ ಹೊರ ಅಳತೆ 62, 6205ರದು 52. "ಜೀರೋ ಫೈವ್ ಕೊಡ್ರಿ" ಅಂದವರಿಗೆ ಈಗ ಎರಡು ಪ್ರಶ್ನೆ ಜಾಸ್ತಿ ಕೇಳುತ್ತೇನೆ.

ಯಂತ್ರದ ಜೊತೆ ಬರುವ ಪಾರ್ಟ್ಸ್ ಕ್ಯಾಟಲಾಗ್ ಇನ್ನೊಂದು ಥರ. ಅದರಲ್ಲಿ ಯಂತ್ರ ಬಿಚ್ಚಿ ಹರವಿದ ಹಾಗೆ ಚಿತ್ರ, ಒಂದೊಂದು ಭಾಗಕ್ಕೂ ಒಂದು ಅಂಕಿ. ಕೆಲವರು ಫೋನ್ ಮಾಡಿ "14 ನಂಬರ್ ಕಳಸ್ರಿ" ಅಂತಾರೆ. ಆ 14 ಆ ಚಿತ್ರಕ್ಕೆ ಮಾತ್ರ. ಆರ್ಡರ್ ಮಾಡುವ ಪಾರ್ಟ್ ನಂಬರ್ ಪಕ್ಕದ ಪಟ್ಟಿಯಲ್ಲಿ ಇರುತ್ತದೆ.

ಈಗ ನನ್ನದೇ ಒಂದು ನೋಟ್‌ಬುಕ್ ಇದೆ. ಮಿಲ್ಲಿಗೊಂದು ಪುಟ. ಯಾವ ಯಂತ್ರ, ಶಾಫ್ಟ್ ಎಷ್ಟು, ಯಾವ ಬೇರಿಂಗ್, ಬಿ-52 ಅಳತೆಯ ಪಟ್ಟಾ ಎಷ್ಟು ಬೇಕು, ಎಲ್ಲ ಅದರಲ್ಲಿದೆ. ಒಂದು ಮಿಲ್ಲಿನಲ್ಲಿ ಸವೆದ ಶಾಫ್ಟನ್ನು ಲೇತಿಗೆ ಹಾಕಿ 39 ಮಿ.ಮೀ. ಮಾಡಿಟ್ಟಿದ್ದಾರೆ. ಅದಕ್ಕೆ ಹೊಂದುವ ಬೇರಿಂಗ್ ನನ್ನ ಬಳಿಯ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಆ ಪುಟದಲ್ಲಿ "ಶಾಫ್ಟ್ ಬದಲಿಸಲು ಹೇಳಬೇಕು" ಅಂತ ಬರೆದಿದ್ದೇನೆ. ಮೂರು ಸಲ ಹೇಳಿಯೂ ಆಯಿತು.